ಚಿಲ್ಲರೆ ಬಾಕಿ

ಮುಂಬಾಗಿಲ ಕಂಬಕ್ಕೆ ಇನ್ನೂ ಅಂಟಿಕೊಂಡೇ ಇದೆ
ಅಂಗೈಯಗಲದ ಬೂದು ಪೆಟ್ಟಿಗೆ,
ಹಸಿರು ದೀಪ ಹತ್ತಬೇಕಿದ್ದ ಕಣ್ಣು.
ಯಾರೋ ಬಬಲ್‌ಗಮ್ ಮೆತ್ತಿದ್ದಾರೆ ಅದರ ಮೇಲೆ.
ಶಾಲೆ ಮಕ್ಕಳು ಇಳಿಯುವಾಗ ಈಗಲೂ ಅದಕ್ಕೊಂದು ಏಟು ಕೊಟ್ಟು
"ಕೀಂ" ಎಂದು ತಾವೇ ಕೂಗುತ್ತಾರೆ.

ಎರಡು ದಿನ ತರಬೇತಿ ಕೊಟ್ಟಿದ್ದರು ಡಿಪೋದಲ್ಲಿ.
ಪರದೆಯ ಮೇಲೆ ಬಸ್ಸಿನ ಚಿತ್ರ,
ಆ ಬಸ್ಸಿನೊಳಗೆ ಒಬ್ಬರೂ ನಿಂತಿರಲಿಲ್ಲ.
ಟೈ ಕಟ್ಟಿದ ಹುಡುಗ ಹೇಳಿದ,
ಇನ್ನು ಮೇಲೆ ಚಿಲ್ಲರೆ ಜಗಳವೇ ಇರೋದಿಲ್ಲ ಮೇಡಂ.
ಹತ್ತೊಂಬತ್ತು ವರ್ಷ ಒಂದು ರೂಪಾಯಿ ಎರಡು ರೂಪಾಯಿಗೆ
ಬೈಸಿಕೊಂಡವಳು ನಾನು,
ನಂಬದೆ ಏನು ಮಾಡಲಿ?
ಮಧ್ಯಾಹ್ನದ ಉಪ್ಪಿಟ್ಟೂ ಚೆನ್ನಾಗಿತ್ತು.

ಅಗ್ರಹಾರದಲ್ಲಿ ಹತ್ತುವ ವೀಳ್ಯದೆಲೆ ಪುಟ್ಟಗೌರಮ್ಮನಿಗೆ
ನಾನೇ ಬಲವಂತ ಮಾಡಿ ಕಾರ್ಡು ಕೊಡಿಸಿದೆ.
ಐವತ್ತು ಕಾರ್ಡಿಗೆ, ನೂರು ಅದರೊಳಕ್ಕೆ.
"ಒಳಕ್ಕೆ ಅಂದ್ರೆ ಎಲ್ಲಿಗವ್ವ?"
ಬಿಸಿಲಿಗೆ ಹಿಡಿದು, ಮೊಟ್ಟೆ ನೋಡುವ ಹಾಗೆ ನೋಡಿದಳು.
ಆಮೇಲೆ ಎಲೆಕಟ್ಟಿನ ನಡುವೆ, ಒದ್ದೆ ಗೋಣಿಯಲ್ಲಿ ಇಟ್ಟಳು.
ಬಾಡಬಾರದಲ್ಲ, ದುಡ್ಡು.

ಗಾಂಧಿನಗರದ ಮುನೀರಾಳದ್ದು ಊದುಬತ್ತಿ ಹೊಸೆಯುವ ಕೈ.
ಕಪ್ಪು ಹಿಟ್ಟು ಹತ್ತಿದ ಕಾರ್ಡನ್ನು
ನಾಲ್ಕು ಸಲ ಉಜ್ಜಿದರೆ ಐದನೆಯ ಸಲ ಕೂಗುತ್ತಿತ್ತು ಪೆಟ್ಟಿಗೆ.
ಬಸ್ಸೆಲ್ಲ ಗಂಧದ ಘಮ,
ಹಿಂದೆ ನಿಂತವರ ಬೈಗುಳ.

ಮೂರನೆಯ ತಿಂಗಳು ಒಬ್ಬರಿಗೇ ಎರಡೆರಡು ಸಲ ಕೊಯ್ದಿತು.
ನಾಲ್ಕನೆಯ ತಿಂಗಳು ಯಾರಿಂದಲೂ ಏನೂ ಕೊಯ್ಯಲಿಲ್ಲ.
ನಿಲ್ದಾಣದ ಗಾಜಿನ ಕೌಂಟರಿಗೆ
"ಸರ್ವರ್ ಇಲ್ಲ" ಎಂಬ ಚೀಟಿ.
ಊಟಕ್ಕೆ ಹೋಗಿರಬೇಕು ಎಂದ ಡ್ರೈವರ್ ಮರಿಸ್ವಾಮಿ.
ವರ್ಷಗಳಾದವು. ಊಟ ಮುಗಿದಿಲ್ಲ.
ಚೀಟಿ ಮಾತ್ರ ಉದುರಿಹೋಯಿತು.

ಕಾರ್ಡುಗಳೀಗ ಬೇರೆ ಕೆಲಸಕ್ಕೆ ಸೇರಿಕೊಂಡಿವೆ.
ದೇವರಾಜ ಮಾರುಕಟ್ಟೆಯಲ್ಲಿ ಒಂದು
ಕುಂಕುಮದ ಗುಡ್ಡೆಗೆ ತುದಿ ತಿದ್ದುತ್ತದೆ.
ಮುನೀರಾಳದ್ದು ಮಣೆಗಂಟಿದ ಹಿಟ್ಟು ಕೆರೆಯುತ್ತದೆ.
ನನ್ನದನ್ನು ಎರಡು ತುಂಡು ಮಾಡಿ
ಏಳನೆಯ ಸೀಟಿನ ಕಿಟಕಿ ಸಂದಿಗೆ ತುರುಕಿದ್ದೇನೆ,
ಗಡಗಡ ನಿಂತಿದೆ.
ಯೋಜನೆಯಿಂದ ಏನೂ ಆಗಲಿಲ್ಲ ಅನ್ನಬೇಡಿ.

ಆಯುಧಪೂಜೆಗೆ ಬಸ್ಸು ತೊಳೆದು
ಸ್ಟೀರಿಂಗಿಗೆ, ಗೇರಿಗೆ, ನನ್ನ ಟಿಕೆಟ್ ಮೆಷಿನ್ನಿಗೆ ಕುಂಕುಮವಿಟ್ಟು
ಪೆಟ್ಟಿಗೆಯ ಮುಂದೆ ನಿಂತ ಮರಿಸ್ವಾಮಿ.
"ಇದಕ್ಕೆ ಇಡೋದಾ, ಬೇಡ್ವಾ?"
ಸತ್ತದ್ದಕ್ಕೆ ಪೂಜೆ ಇಲ್ಲ ಅನ್ನೋಣವೆಂದರೆ
ಅದು ಹುಟ್ಟಿತ್ತೋ ಇಲ್ಲವೋ ನಮಗೆ ಗೊತ್ತಿಲ್ಲ.
ಮಿಕ್ಕಿದ್ದ ಒಂದು ಸೇವಂತಿಗೆಯನ್ನು ತಂತಿಗೆ ಸಿಕ್ಕಿಸಿದೆವು.

ಟಿಕೆಟಿನ ಹಿಂದೆ ಬರೆದ ಚಿಲ್ಲರೆ
ಕೊಡದೆ ಇಳಿಸಿದ ರಾತ್ರಿ ನನಗೆ ನಿದ್ದೆ ಹತ್ತಿದ್ದಿಲ್ಲ.
ಒಮ್ಮೆ ಚಾಮುಂಡಿಪುರಂನಲ್ಲಿ ಬಸ್ಸು ನಿಲ್ಲಿಸಿ
ಮೂರು ರೂಪಾಯಿ ಹಿಡಿದು
ಒಬ್ಬ ಮುದುಕರ ಹಿಂದೆ ಓಡಿದ್ದೇನೆ, ಅವರು ಹೆದರಿ ತಾವೂ ಓಡಿದರು.
ಇವರು ನೋಡಿ,
ಇಡೀ ಊರಿನ ಚಿಲ್ಲರೆಯನ್ನು
ಕಣ್ಣಿಗೆ ಕಾಣದ ಟಿಕೆಟಿನ ಹಿಂದೆ ಬರೆದು
ಮುಂದಿನ ಸ್ಟಾಪಿನಲ್ಲಿ ತಾವೇ ಇಳಿದುಹೋದರು.

ಈಗ ಹೆಂಗಸರಿಗೆ ಟಿಕೆಟ್ಟೇ ಸೊನ್ನೆ.
ಪುಟ್ಟಗೌರಮ್ಮ ಆಧಾರ್ ತೋರಿಸಿ
ಸೊನ್ನೆಯ ಚೀಟಿ ಮಡಿಸಿಟ್ಟುಕೊಂಡು
ಎಲೆಗೋಣಿಯಿಂದ ಕಾರ್ಡನ್ನೂ ತೆಗೆಯುತ್ತಾಳೆ.
"ಇದರೊಳಗೆ ನಲವತ್ತೆರಡು ರೂಪಾಯಿ ಐತೆ ಕಣವ್ವ."
ಈಗ ಬಸ್ಸು ಪುಕ್ಕಟೆ ಅಲ್ವಾ, ಅನ್ನುತ್ತೇನೆ.
"ಪುಕ್ಕಟೆದು ಪುಕ್ಕಟೆ. ನಂದು ನಂದು."

ಇಳಿಯುವ ಮುಂಚೆ ಅದನ್ನು ಪೆಟ್ಟಿಗೆಗೆ ಹಿಡಿದು
ಕಿವಿ ಚೂರು ವಾಲಿಸಿ ನಿಲ್ಲುತ್ತಾಳೆ.
ಹಿಂದಿನ ಆಟೋದವನು ಹಾರನ್ ಒತ್ತುತ್ತಾನೆ.
ಅವಳು ಕೇಳಿ ಮುಗಿಸುವವರೆಗೆ
ನಾನು ರೈಟ್ ಹೇಳುವುದಿಲ್ಲ.